ಕಗಪ, ಇನ್‌ಸ್ಕ್ರಿಪ್ಟ್, ಧ್ವನಿ, ಬೆರಳು: ಕಾಸರಗೋಡಿನಲ್ಲಿ ಕನ್ನಡ ಟೈಪ್ ಮಾಡುವವನ ಹೋಲಿಕೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕುಳಿತು ಕನ್ನಡ ಟೈಪ್ ಮಾಡುವವನಿಗೆ ಬೆಂಗಳೂರಿನವನಿಗೆ ಇಲ್ಲದ ಒಂದು ಷರತ್ತು ಇದೆ. ಅದೇ ದಿನ, ಅದೇ ಕಂಪ್ಯೂಟರಿನಲ್ಲಿ, ಕೆಲವೊಮ್ಮೆ ಅದೇ ವಿಷಯಕ್ಕೆ ಮಲಯಾಳದಲ್ಲಿಯೂ ಬರೆಯಬೇಕಾಗುತ್ತದೆ. ತಾಳಮದ್ದಳೆಯ ಆಮಂತ್ರಣ ಕನ್ನಡದಲ್ಲಿ, ಅದಕ್ಕೆ ಧ್ವನಿವರ್ಧಕದ ಅನುಮತಿ ಕೇಳುವ ಅರ್ಜಿ ಮಲಯಾಳದಲ್ಲಿ. ವಾಚನಾಲಯದ ಮಹಾಸಭೆಯ ವರದಿ ಕನ್ನಡದಲ್ಲಿ, ಅದೇ ಸಭೆಯ ಖರ್ಚಿನ ಪಟ್ಟಿಯ ತಲೆಬರಹ ಮಲಯಾಳದಲ್ಲಿ. ಕನ್ನಡ ಕೀಲಿಮಣೆಗಳ ಬಗ್ಗೆ ಬಂದ ಹೋಲಿಕೆಗಳನ್ನು ಸಾಕಷ್ಟು ಓದಿದ್ದೇನೆ. ಎಲ್ಲವೂ ಒಂದೇ ಭಾಷೆಯಲ್ಲಿ ಬದುಕುವವರಿಗಾಗಿ ಬರೆದವು. ಗಡಿಯ ಈಚೆಗಿನ ಲೆಕ್ಕ ಬೇರೆ ಬರುತ್ತದೆಯೇ ಎಂದು ನೋಡಲು ನಾನೇ ಕುಳಿತೆ. ಬೇರೆಯೇ ಬಂತು.

ಕಣದಲ್ಲಿದ್ದವರು ಐವರು: ಕಗಪ ವಿನ್ಯಾಸ (ವಿನ್ಯಾಸ ಎಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಜೋಡಣೆ), ಇನ್‌ಸ್ಕ್ರಿಪ್ಟ್ ವಿನ್ಯಾಸ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡವಾಗಿ ಮಾರ್ಪಡಿಸುವ ಫೋನಿನ ಕೀಲಿಮಣೆ, ಧ್ವನಿ ಟೈಪಿಂಗ್, ಮತ್ತು ಪರದೆಯ ಮೇಲೆ ಬೆರಳಿನಿಂದ ಬರೆಯುವ ಕೈಬರಹ. ಮೇಜಿನ ಮೇಲೆ ವಿಂಡೋಸ್ ಬದಲು ಲಿನಕ್ಸ್ ಕಾರ್ಯವ್ಯವಸ್ಥೆ ಇರುವ ನನ್ನ ಲ್ಯಾಪ್‌ಟಾಪ್, ಪಕ್ಕದಲ್ಲಿ ತಮ್ಮನ ವಿಂಡೋಸ್ ಯಂತ್ರ, ಜೇಬಿನಲ್ಲಿ ಆಂಡ್ರಾಯ್ಡ್ ಫೋನು. ಎಲ್ಲರಿಗೂ ಒಂದೇ ಪರೀಕ್ಷೆ: ಸಭೆಯ ವರದಿಯ ಒಂದು ಪುಟ, ತಾಳಮದ್ದಳೆಯ ಆಮಂತ್ರಣ, ಅಡಿಕೆಗೆ ಮದ್ದು ಬಿಡುವ ಬಗ್ಗೆ ಮನೆಯವರ ಗುಂಪಿಗೆ ಹಾಕುವ ಸಂದೇಶ, ಮತ್ತು ಮಲಯಾಳದ ಅರ್ಜಿ. ಗಡಿಯಾರ ಹಿಡಿದು ವೇಗ ಅಳೆಯುವುದರಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಅಭ್ಯಾಸವಿದ್ದದ್ದೇ ಗೆಲ್ಲುತ್ತದೆ. ಒತ್ತಿದ ಕೀಲಿಗಳನ್ನು ಎಣಿಸಿದರೆ ಅಭ್ಯಾಸ ಅಡ್ಡ ಬರುವುದಿಲ್ಲ.

ಮೊದಲು ಕಗಪ. ಹೆಸರು ಕನ್ನಡ ಗಣಕ ಪರಿಷತ್ತಿನದು, ಮೂಲ ಆಲೋಚನೆ ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರದು. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನು ಒಂದು ತಂತ್ರಾಂಶಕ್ಕೆ ಇಡುವ ಮನಸ್ಸು ನಮ್ಮ ಕರಾವಳಿಯವರಿಗೆ ಮಾತ್ರ ಬಂದೀತು ಎಂದು ನನಗೆ ಒಳಗೊಳಗೇ ಹೆಮ್ಮೆ. ಈ ವಿನ್ಯಾಸದ ಜಾಣತನವೆಂದರೆ ಇಂಗ್ಲಿಷ್ ಕೀಲಿಮಣೆ ಬಲ್ಲವನಿಗೆ ಹೊಸದಾಗಿ ಕಲಿಯುವುದು ಬಹಳ ಕಡಿಮೆ. ಕೆ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ಜಿ ಎಂದರೆ ಗ, ಪಿ ಎಂದರೆ ಪ. ಹೊಂದದೆ ಉಳಿದ ಅಕ್ಷರಗಳನ್ನು ಖಾಲಿ ಉಳಿದ ಕೀಲಿಗಳಿಗೆ ಹಂಚಿದ್ದಾರೆ: ಕ್ಯೂ ಎಂದರೆ ಟ, ಡಬ್ಲ್ಯೂ ಎಂದರೆ ಡ, ಎಕ್ಸ್ ಎಂದರೆ ಷ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. 'ಕನ್ನಡ' ಎಂದು ಬರೆಯಲು ಐದೇ ಕೀಲಿ. ಇಂಗ್ಲಿಷ್ ಅಕ್ಷರದಲ್ಲಿ ಅದೇ ಪದಕ್ಕೆ ಏಳು ಬೇಕು, ಏಕೆಂದರೆ ಪ್ರತಿ ವ್ಯಂಜನದ ಹಿಂದೆ ಒಂದು ಎ ಅಕ್ಷರ ಬಾಲದಂತೆ ಬರುತ್ತದೆ. ಕಗಪದಲ್ಲಿ ಆ ಅಕಾರ ವ್ಯಂಜನದ ಒಳಗೇ ಇದೆ, ನಮ್ಮ ಲಿಪಿಯಲ್ಲಿ ಇರುವ ಹಾಗೆಯೇ.

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ನಡೆಯುವುದು ಇದೇ. 'ನುಡಿ' ತಂತ್ರಾಂಶ ಎಂದರೆ ಇದೇ ವಿನ್ಯಾಸ ಎಂದು ಅಲ್ಲಿನವರು ಲೆಕ್ಕ ಹಾಕುತ್ತಾರೆ. ತಲಪಾಡಿಯ ಗಡಿ ದಾಟಿದರೆ ಯಾವ ಜೆರಾಕ್ಸ್ ಅಂಗಡಿಯಲ್ಲಿ ಕೇಳಿದರೂ ಇದು ಸಿಗುತ್ತದೆ. ನನ್ನ ತಮ್ಮ ಪುತ್ತೂರಿನಲ್ಲಿ ಕಾಲೇಜು ಓದಿದವನು, ಅವನ ಬೆರಳಿನಲ್ಲಿ ಕಗಪ ಬಿಟ್ಟು ಬೇರೆ ಯಾವುದೂ ಇಲ್ಲ. ಹೊಸಬರಿಗೆ ಕೂಡ ಇದು ದಯೆ ತೋರುತ್ತದೆ. ವಾಚನಾಲಯದ ಕಾರ್ಯದರ್ಶಿಗೆ, ಅರುವತ್ತು ದಾಟಿದವರಿಗೆ, ಕಾಗದದ ಮೇಲೆ ಅಪವಾದದ ಕೀಲಿಗಳನ್ನಷ್ಟೇ ಬರೆದುಕೊಟ್ಟಿದ್ದೆ. ಸಂಜೆಯೊಳಗೆ ಒಂದು ಪ್ಯಾರಾ ಮುಗಿಸಿದ್ದರು.

ಇನ್ನು ಇನ್‌ಸ್ಕ್ರಿಪ್ಟ್. ಕಗಪದ ಹಿಂದೆ ಒಬ್ಬ ವ್ಯಕ್ತಿಯ ಕಿವಿ ಇದ್ದರೆ ಇದರ ಹಿಂದೆ ಸಮಿತಿಯ ಕೋಷ್ಟಕವಿದೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿತು, 1988ರಲ್ಲಿ ಪರಿಷ್ಕರಿಸಿತು, 1991ರಲ್ಲಿ, ಭಾರತೀಯ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಗೊತ್ತುಮಾಡುವ ಭಾರತೀಯ ಮಾನಕ ಬ್ಯೂರೋದ ಇಸ್ಕೀ ಮಾನಕದ ಜೊತೆ ಅದಕ್ಕೆ ಅಧಿಕೃತ ಮುದ್ರೆ ಬಿತ್ತು. ಇಂಗ್ಲಿಷ್ ಅಕ್ಷರದ ಸದ್ದಿಗೂ ಇದಕ್ಕೂ ಸಂಬಂಧವಿಲ್ಲ. ಕೆ ಕೀಲಿಯಲ್ಲಿ ಕ ಇರುವುದು ಆಕಸ್ಮಿಕ ಎನ್ನಬೇಕು, ಏಕೆಂದರೆ ಎಚ್ ಒತ್ತಿದರೆ ಪ, ಐ ಒತ್ತಿದರೆ ಗ, ಜೆ ಒತ್ತಿದರೆ ರ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಮ, ನ, ವ ಮೂರು ಮಾತ್ರ ಎಡಬದಿಯ ಕೆಳಸಾಲಿನಲ್ಲಿ ಕುಳಿತಿವೆ. ವರ್ಗಾಕ್ಷರಗಳಲ್ಲಿ ಅಲ್ಪಪ್ರಾಣದ ಮೇಲೆಯೇ ಮಹಾಪ್ರಾಣ, ಶಿಫ್ಟ್ ಹಿಡಿದರೆ ಸಾಕು. ಒಂದನೇ ತರಗತಿಯಲ್ಲಿ ಕಾಗುಣಿತ ಉರು ಹೊಡೆದವನಿಗೆ ಈ ಜೋಡಣೆ ಅರ್ಥವಾಗುತ್ತದೆ. ಆದರೆ ಅರ್ಥವಾಗುವುದಕ್ಕೂ ಬೆರಳಿಗೆ ಇಳಿಯುವುದಕ್ಕೂ ನಡುವೆ ಕೆಲವು ವಾರಗಳ ಕಹಿ ಇದೆ.

ಆ ಕಹಿ ಯಾಕೆ ನುಂಗಬೇಕು? ಮೊದಲನೆಯ ಕಾರಣ ಶಿಫ್ಟ್ ಕೀಲಿ. 'ಕಾಸರಗೋಡು' ಎಂಬ ಪದಕ್ಕೆ ಎರಡರಲ್ಲೂ ಎಂಟೆಂಟು ಕೀಲಿ. ಆದರೆ ಕಗಪದಲ್ಲಿ ಕಾ ಮತ್ತು ಗೋ ಬಂದಾಗ ಎರಡು ಸಲ ಶಿಫ್ಟ್ ಹಿಡಿಯಬೇಕು, ಇನ್‌ಸ್ಕ್ರಿಪ್ಟಿನಲ್ಲಿ ಒಮ್ಮೆಯೂ ಇಲ್ಲ. ಇದು ಒಂದು ಪದದ ಅದೃಷ್ಟವಲ್ಲ, ವಿನ್ಯಾಸದ ತೀರ್ಮಾನ. ಕಗಪದಲ್ಲಿ ದೀರ್ಘ ಸ್ವರಕ್ಕೆ ಶಿಫ್ಟ್ ಬೇಕು. ಅನುಸ್ವಾರಕ್ಕೂ ಬೇಕು. ಇನ್‌ಸ್ಕ್ರಿಪ್ಟಿನಲ್ಲಿ ಪದದ ನಡುವೆ ಬರುವ ದೀರ್ಘಗಳಿಗೂ ಅನುಸ್ವಾರಕ್ಕೂ ನೇರ ಕೀಲಿ ಇದೆ, ಶಿಫ್ಟ್ ಬೇಕಾಗುವುದು ಪದದ ಆರಂಭದಲ್ಲಿ ಬರುವ ಅ, ಆ, ಇ ಮುಂತಾದ ಸ್ವತಂತ್ರ ಸ್ವರಗಳಿಗೆ. ಕನ್ನಡದ ಯಾವುದೇ ಪುಟ ತೆಗೆದು ನೋಡಿ: ಸ್ವರದಿಂದ ಆರಂಭವಾಗುವ ಪದಗಳಿಗಿಂತ ನಡುವೆ ದೀರ್ಘ ಬರುವ ಅಕ್ಷರಗಳು ಎಷ್ಟೋ ಹೆಚ್ಚು. ಸಭೆಯ ವರದಿಯನ್ನು ಎರಡು ರೀತಿಯಲ್ಲಿಯೂ ಹೊಡೆದು ಮುಗಿಸಿದಾಗ ಕಗಪದ ದಿನ ಎಡಗೈಯ ಕಿರುಬೆರಳು ದೂರು ಹೇಳಿತು.

ಎರಡನೆಯ ಕಾರಣ ಕೈಗಳ ಸರದಿ. 'ಕುದುರೆ' ಎಂದು ಹೊಡೆಯುವಾಗ ಇನ್‌ಸ್ಕ್ರಿಪ್ಟಿನಲ್ಲಿ ಬಲ, ಎಡ, ಬಲ, ಎಡ, ಬಲ, ಎಡ. ಕುದುರೆ ನಿಜಕ್ಕೂ ಓಡುತ್ತದೆ. ಕಗಪದಲ್ಲಿ ಅದೇ ಪದಕ್ಕೆ ಬಲಗೈ ಎರಡು ಸಲ, ಎಡ ಒಂದು, ಬಲ ಒಂದು, ಮತ್ತೆ ಎಡಗೈ ಎರಡು. ಇಂಗ್ಲಿಷಿಗಾಗಿ ಹಾಕಿದ ಅಕ್ಷರಗಳ ಜಾಗವನ್ನು ಕನ್ನಡದ ಸದ್ದಿಗೆ ಬಾಡಿಗೆಗೆ ಪಡೆದಾಗ ಈ ಸರದಿ ಯಾರ ಕೈಯಲ್ಲೂ ಇರುವುದಿಲ್ಲ.

ಮೂರನೆಯ ಕಾರಣವೇ ನನ್ನ ತೀರ್ಪಿನ ಬುಡ. ಇನ್‌ಸ್ಕ್ರಿಪ್ಟ್ ಕನ್ನಡಕ್ಕೆ ಮಾತ್ರ ಮಾಡಿದ್ದಲ್ಲ. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಬೇರೆ ಬೇರೆ ರೂಪಗಳು ಎಂಬ ಎಣಿಕೆಯ ಮೇಲೆ ಇಸ್ಕೀ ನಿಂತಿದೆ. ಹಾಗಾಗಿ ಕನ್ನಡದ ಕ ಇರುವ ಕೀಲಿಯಲ್ಲೇ ಮಲಯಾಳದ ಕ ಇದೆ, ವ್ಯಂಜನದ ಅಕಾರವನ್ನು ತೆಗೆಯುವ ಹಲಂತ ಚಿಹ್ನೆ ಇರುವ ಡಿ ಕೀಲಿಯಲ್ಲೇ ಅವರ ಚಂದ್ರಕ್ಕಲ ಇದೆ. ಎರಡೂ ಭಾಷೆಗಳಿಗೆ ಬೇಕಾದ ಹ್ರಸ್ವ ಎಕಾರ, ಹ್ರಸ್ವ ಒಕಾರ ಕೂಡ ಅದದೇ ಜಾಗದಲ್ಲಿವೆ. 'ಭಾಷ' ಎಂದು ಮಲಯಾಳದಲ್ಲಿ ಹೊಡೆಯಲು ಯಾವ ಮೂರು ಕೀಲಿಗಳೋ ಕನ್ನಡದ 'ಭಾಷೆ'ಗೂ ಅವೇ ಮೂರು, ಕೊನೆಗೊಂದು ಎತ್ವ ಹೆಚ್ಚು. ಭಾಷೆ ಬದಲಿಸುವ ಕೀಲಿಯನ್ನು ಒತ್ತುತ್ತೇನೆ, ಬೆರಳುಗಳಿಗೆ ಅದು ಗೊತ್ತಾಗುವುದೇ ಇಲ್ಲ. ಹೊಸ ಲಿಪಿ ಪರದೆಯಲ್ಲಿ ಕಾಣುತ್ತದೆ ಅಷ್ಟೆ.

ಈ ಹೊಂದಾಣಿಕೆ ಕೀಲಿಮಣೆಗೆ ನಿಲ್ಲುವುದಿಲ್ಲ, ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಮಾನಕವಾದ ಯೂನಿಕೋಡಿನ ಒಳಗೂ ಇಳಿದಿದೆ. ಭಾರತೀಯ ಲಿಪಿಗಳ ಕೋಷ್ಟಕಗಳನ್ನು ಯೂನಿಕೋಡ್ ಇಸ್ಕೀಯ ಕ್ರಮದಲ್ಲೇ ಜೋಡಿಸಿತು. ಕನ್ನಡದ ಕ ಅಕ್ಷರದ ಸಂಖ್ಯೆ ದಶಮಾನದಲ್ಲಿ 3221, ಮಲಯಾಳದ ಕ 3349. ವ್ಯತ್ಯಾಸ 128. ಗ, ಮ, ಳ, ಯಾವುದನ್ನು ತೆಗೆದುಕೊಂಡರೂ ಅದೇ 128. ಕನ್ನಡ ಹೆಸರುಗಳ ಪಟ್ಟಿಯನ್ನು ಮಲಯಾಳ ಲಿಪಿಗೆ ಹಾಕಬೇಕಾದಾಗ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮಿನ ಜೀವಾಳ ಒಂದೇ ಸಾಲು, ಪ್ರತಿ ಅಕ್ಷರಕ್ಕೆ 128 ಕೂಡಿಸುವುದು. ಪದದ ಕೊನೆಯ ಅರೆಯಕ್ಷರಗಳನ್ನು ಆಮೇಲೆ ಕೈಯಿಂದ ತಿದ್ದಬೇಕು, ನಿಜ. ಆದರೂ ನೀರ್ಚಾಲು, ಪೆರ್ಲ, ಮುಳ್ಳೇರಿಯ ಮುಂತಾದ ಹೆಸರುಗಳ ಉದ್ದದ ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ಲಿಪಿ ಬದಲಿಸಿ ನಿಂತಾಗ ಬಂದ ಖುಷಿಯನ್ನು ಮನೆಯಲ್ಲಿ ಯಾರಿಗೂ ವಿವರಿಸಲಾಗಲಿಲ್ಲ.

ಮಲಯಾಳದ ಅರೆಯಕ್ಷರಗಳು, ಅಂದರೆ ಚಿಲ್ಲಕ್ಷರಗಳು, ಸ್ವಲ್ಪ ತಲೆನೋವಿನ ವಿಷಯ. 2008ರಲ್ಲಿ ಯೂನಿಕೋಡ್ 5.1 ಅವಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತು. ಅದಕ್ಕೆ ಮೊದಲು ವ್ಯಂಜನ, ಚಂದ್ರಕ್ಕಲ, ಕಣ್ಣಿಗೆ ಕಾಣದ ಒಂದು ಸೇರಿಕೆ ಚಿಹ್ನೆ, ಮೂರನ್ನೂ ಕೂಡಿಸಬೇಕಿತ್ತು. ಹಳೆಯ ಇನ್‌ಸ್ಕ್ರಿಪ್ಟ್ ಹಾಗೆಯೇ ಮಾಡುತ್ತದೆ, ಪರಿಷ್ಕೃತ ಇನ್‌ಸ್ಕ್ರಿಪ್ಟಿನಲ್ಲಿ ನೇರ ಕೀಲಿಗಳಿವೆ. ಲಿನಕ್ಸಿನಲ್ಲಿ ಎರಡೂ ಸಿಗುತ್ತವೆ, ಎರಡನೆಯದನ್ನೇ ಆರಿಸಿಕೊಳ್ಳಿ. ಎರಡು ಬಗೆಯಲ್ಲಿ ಹೊಡೆದ ಒಂದೇ ಪದ ಕಣ್ಣಿಗೆ ಒಂದೇ ತರಹ ಕಂಡರೂ ಹುಡುಕಿದಾಗ ಸಿಗದೆ ಹೋಗಬಹುದು. ಇನ್ನೊಂದು ತಮಾಷೆ: ರ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತಿದರೆ ಕನ್ನಡದಲ್ಲಿ ಬರುವುದು ಹಳಗನ್ನಡದ ಶಕಟರೇಫ. ನಮ್ಮಲ್ಲಿ ಅದನ್ನು ಪಂಪನನ್ನು ಓದುವವರು ಬಿಟ್ಟರೆ ಯಾರೂ ಮುಟ್ಟುವುದಿಲ್ಲ. ಮಲಯಾಳಕ್ಕೆ ಹೋದರೆ ಅದೇ ಕೀಲಿ ದಿನವಿಡೀ ದುಡಿಯುತ್ತದೆ, ಅವರ ಗಡಸು ರಕಾರ ಅಲ್ಲೇ ಇರುವುದು.

ಇಷ್ಟು ಹೊಗಳಿದ ಮೇಲೆ ಇನ್‌ಸ್ಕ್ರಿಪ್ಟಿನ ಕೆಟ್ಟ ಗುಣವನ್ನೂ ಹೇಳಬೇಕು. ಬಲಗೈಯ ಕಿರುಬೆರಳಿಗೆ ಸಮಿತಿ ಕರುಣೆ ತೋರಿಸಿಲ್ಲ. ಜ, ಚ, ಟ, ಡ, ಯ ಎಲ್ಲವೂ ಅದರ ಪಾಲು. ಕನ್ನಡದಲ್ಲಿ 'ಮಾಡು', 'ನೋಡು', 'ಕೊಡು', 'ಇಡು' ಇಲ್ಲದೆ ಎರಡು ವಾಕ್ಯ ಮುಂದೆ ಹೋಗದು. ಆ ಡಕಾರವನ್ನು ಆವರಣ ಚಿಹ್ನೆಯ ಕೀಲಿಗೆ ತಳ್ಳಿದವರು ಕನ್ನಡದ ಒಂದು ಪುಟವನ್ನಾದರೂ ಎದುರಿಗೆ ಇಟ್ಟುಕೊಂಡಿದ್ದರೇ ಎಂಬ ಅನುಮಾನ ನನಗೆ. ಎಲ್ಲ ಲಿಪಿಗೂ ಒಂದೇ ಅಂಗಿ ಹೊಲಿದಾಗ ಎಲ್ಲೋ ಒಂದು ಕಡೆ ಬಿಗಿಯಾಗುತ್ತದೆ. ಲಿನಕ್ಸಿನಲ್ಲಿ ಒಂದು ಪಠ್ಯ ಕಡತ ತಿದ್ದಿದರೆ ಡ ಅನ್ನು ಒಳ್ಳೆಯ ಜಾಗಕ್ಕೆ ತರಬಹುದು. ಯಾಂತ್ರಿಕ ಕೀಲಿಮಣೆಯ ಹುಚ್ಚಿರುವ ನನ್ನಂಥವನಿಗೆ ಆ ಆಸೆ ದಿನವೂ ಬರುತ್ತದೆ. ತಿದ್ದಿದ ಮರುದಿನವೇ ಬೇರೆಯವರ ಯಂತ್ರದ ಮುಂದೆ ನಾನು ಅನಕ್ಷರಸ್ಥ. ಮಾನಕದ ಬೆಲೆ ಅದು ಎಲ್ಲ ಕಡೆ ಇರುವುದರಲ್ಲಿದೆ, ಚೆನ್ನಾಗಿರುವುದರಲ್ಲಿ ಅಲ್ಲ.

ಕೀಲಿಗಳ ಮೇಲೆ ಅಕ್ಷರ ಅಂಟಿಸಿ ಕಲಿಯುತ್ತೇನೆ ಎನ್ನುವವರಿಗೆ ಒಂದು ಮಾತು. ಜೂನ್ ಬಂದರೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಕಾಗದದ ಚೀಟಿಯ ಅಂಟು ಎಷ್ಟು ದಿನ? ನನ್ನ ಕೀಲಿಮಣೆಯ ಮೇಲೆ ಡ ಹೋಗಿ ಟ ಪಕ್ಕಕ್ಕೆ ಅಂಟಿಕೊಂಡಿತ್ತು. ಚೀಟಿಯನ್ನು ಗೋಡೆಗೆ ಹಾಕಿ, ಕೀಲಿಗಳನ್ನು ಬೋಳಾಗಿಯೇ ಬಿಡಿ.

ತಂತ್ರದ ಕಡೆಯಿಂದ ಇನ್ನೊಂದು ವ್ಯತ್ಯಾಸವಿದೆ, ಬಹಳ ಜನ ಗಮನಿಸುವುದಿಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಒಂದು ಕೀಲಿಗೆ ಒಂದೇ ಅಕ್ಷರ: ಸ್ವರಕ್ಕೊಂದು, ಸ್ವರಚಿಹ್ನೆಗೆ ಇನ್ನೊಂದು. ಹಿಂದೆ ಏನು ಹೊಡೆದಿದ್ದೀರಿ ಎಂದು ಯಂತ್ರ ನೋಡಬೇಕಾಗಿಲ್ಲ. ಕಗಪದಲ್ಲಿ ಐ ಕೀಲಿ ವ್ಯಂಜನದ ನಂತರ ಬಂದರೆ ಗುಡಿಸು, ಪದದ ಆರಂಭದಲ್ಲಿ ಬಂದರೆ ಇ. ಅಂದರೆ ಹಿಂದಿನ ಅಕ್ಷರವನ್ನು ನೋಡಿ ತೀರ್ಮಾನಿಸುವ ಒಂದು ತಂತ್ರಾಂಶ ನಡುವೆ ಕುಳಿತಿರಲೇಬೇಕು. ಲಿನಕ್ಸಿನ ಮೂಲ ಕೀಲಿ ವ್ಯವಸ್ಥೆಗೆ ಹಿಂದೆ ನೋಡುವ ಅಭ್ಯಾಸವಿಲ್ಲ. ಹಾಗಾಗಿ ಅಲ್ಲಿ ಸಿಗುವ ಕಗಪದಲ್ಲಿ ಸ್ವತಂತ್ರ ಸ್ವರಕ್ಕೆ ಮತ್ತೊಂದು ಕೀಲಿ ಹಿಡಿದುಕೊಳ್ಳಬೇಕು, ಇಲ್ಲವೇ ಹಾಗೆ ಹಿಂದೆ ನೋಡಬಲ್ಲ ಐಬಸ್ ಎಂಬ ತಂತ್ರಾಂಶ ಹಾಕಿಕೊಳ್ಳಬೇಕು. ಇನ್‌ಸ್ಕ್ರಿಪ್ಟ್ ಹಾಗೆಯೇ ನಡೆಯುತ್ತದೆ. ವಿಂಡೋಸಿನಲ್ಲೂ ಎಕ್ಸ್‌ಪಿ ಕಾಲದಿಂದ ಅದು ಒಳಗೇ ಇದೆ. ಯಾರದೋ ಯಂತ್ರದಲ್ಲಿ ಏನನ್ನೂ ಸ್ಥಾಪಿಸಲು ಅನುಮತಿ ಇಲ್ಲದಾಗ ಇದರ ಬೆಲೆ ತಿಳಿಯುತ್ತದೆ.

ಅದೇ ಲಿನಕ್ಸಿನ ಪಟ್ಟಿಯನ್ನು ತೆರೆದು ನೋಡಿದರೆ ಕಗಪದ ಹೆಸರಿನಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ವಿನ್ಯಾಸಗಳೂ ಕಾಣುತ್ತವೆ. ಕಿನ್ನಿಕಂಬಳದ ಆಲೋಚನೆ ಅಷ್ಟು ದೂರ ಹೋಗಿದೆ. ಆದರೆ ಮಲಯಾಳ ಆ ಪಟ್ಟಿಯಲ್ಲಿಲ್ಲ. ಮಲಯಾಳಕ್ಕೆ ಸದ್ದಿನ ಆಧಾರದ ವಿನ್ಯಾಸ ಬೇಕೆಂದರೆ 'ಲಲಿತ' ಎಂಬುದು ಬೇರೆಯೇ ಇದೆ, ಅದರ ನಿಯಮ ಬೇರೆ. ಕಗಪವನ್ನೂ ಲಲಿತವನ್ನೂ ಒಟ್ಟಿಗೆ ಬಳಸಿ ನೋಡಿದೆ. ಕನ್ನಡದ ಬೆರಳು ಮಲಯಾಳದ ಪದದ ನಡುವೆ ನುಗ್ಗುತ್ತಿತ್ತು. ಔಪಚಾರಿಕ ಅರ್ಜಿಯಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ. ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ ಕುಳಿತ ಕನ್ನಡಿಗನ ಲೆಕ್ಕ ಬೇರೆಯಾಗಬಹುದು: ಮರಾಠಿಯ ಜೊತೆ ಬದುಕುವವನಿಗೆ ಕಗಪವೇ ಎರಡೂ ಭಾಷೆಗೆ ಒದಗುತ್ತದೆ. ನಮಗೆ ಒದಗುವುದಿಲ್ಲ.

ಇಲ್ಲಿನ ಮಕ್ಕಳ ಮಾತೂ ಇದೆ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾದಾಗಿನಿಂದ ಕಂಪ್ಯೂಟರ್ ಪಾಠ ಗಟ್ಟಿಯಾಗಿ ಬೇರೂರಿತು, ಮುಂದೆ ಅದೇ 'ಕೈಟ್' ಸಂಸ್ಥೆಯಾಯಿತು. ಪ್ರಯೋಗಾಲಯದಲ್ಲಿ ಸ್ವತಂತ್ರ ತಂತ್ರಾಂಶ, ಲಿನಕ್ಸ್, ಮಲಯಾಳಕ್ಕೆ ಇನ್‌ಸ್ಕ್ರಿಪ್ಟ್. ಎಂಟನೇ ತರಗತಿಯ ನನ್ನ ಅಕ್ಕನ ಮಗಳು ಮಲಯಾಳಕ್ಕಾಗಿ ಕಲಿತ ಬೆರಳಿನಲ್ಲೇ ಕನ್ನಡ ಹೊಡೆಯುತ್ತಾಳೆ. ಕನ್ನಡಕ್ಕೆಂದು ಅವಳು ಏನನ್ನೂ ಪ್ರತ್ಯೇಕವಾಗಿ ಕಲಿತಿಲ್ಲ.

ಫೋನಿಗೆ ಬಂದರೆ ಮೇಲಿನ ಪಾಂಡಿತ್ಯವೆಲ್ಲ ಮಡಚಿಡಬೇಕು. ಹೆಬ್ಬೆರಳಿಗೆ ಎಡ-ಬಲ ಸರದಿಯ ಹಂಗಿಲ್ಲ, ಇನ್‌ಸ್ಕ್ರಿಪ್ಟಿನ ಕೀಲಿಗಳು ಆ ಪರದೆಯಲ್ಲಿ ಸಾಸಿವೆಯ ಗಾತ್ರಕ್ಕೆ ಇಳಿಯುತ್ತವೆ. ಅಲ್ಲಿ ಎಲ್ಲರೂ ಬಳಸುವುದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಪಡೆಯುವ ದಾರಿ. ಸಾಮಾನ್ಯ ಮಾತಿಗೆ ಇದು ಒಳ್ಳೆಯದೇ, ಊಹೆ ಚುರುಕಾಗಿದೆ. ಸಮಸ್ಯೆ ಲ ಮತ್ತು ಳ, ನ ಮತ್ತು ಣ, ಹ್ರಸ್ವ ಮತ್ತು ದೀರ್ಘ ಒಂದೇ ಇಂಗ್ಲಿಷ್ ಅಕ್ಷರದ ಹಿಂದೆ ಅಡಗಿದಾಗ. ಅಡಿಕೆಯ ಕೊಳೆರೋಗದ ಬಗ್ಗೆ ಹಾಕಿದ ಸಂದೇಶ ನನ್ನ ಫೋನಿನಲ್ಲಿ 'ಕೊಲೆ ರೋಗ' ಎಂದು ಹೊರಟಿತು. ಮಳೆಗಾಲದ ತೋಟ ನೋಡಿದವರು ಅದನ್ನೂ ಒಪ್ಪಿಕೊಂಡರು. ಊರಿನ ಹೆಸರುಗಳಲ್ಲಿ ಇದು ಇನ್ನೂ ಎಡವುತ್ತದೆ, ಬದಿಯಡ್ಕದ ದಿ ಹೋಗಿ ಡಿ ಬರುತ್ತದೆ, ಪಟ್ಟಿಯಿಂದ ಸರಿಯಾದದ್ದನ್ನು ಆರಿಸುವಷ್ಟರಲ್ಲಿ ಕೀಲಿ ಉಳಿಸಿದ ಲಾಭ ಕರಗುತ್ತದೆ. ಎರಡು ಭಾಷೆ ಬಳಸುವವರಿಗೆ ಇನ್ನೊಂದು ಕಿರಿಕಿರಿ, ಮಲಯಾಳಕ್ಕೆ ಬೇರೆ ಕಾಗುಣಿತ ನೆನಪಿಡಬೇಕು. ಮಳೆಗೆ ಅವರು ಬರೆಯುವ ಇಂಗ್ಲಿಷ್ ಅಕ್ಷರಗಳೇ ಬೇರೆ, ನಾವು ಬರೆಯುವುದೇ ಬೇರೆ.

ಧ್ವನಿ ಟೈಪಿಂಗಿನಲ್ಲಿ ನನಗೆ ಹೆಚ್ಚು ಆಸೆ ಇತ್ತು. 2017ರ ಆಗಸ್ಟಿನಲ್ಲಿ ಕನ್ನಡ, ಮಲಯಾಳ ಸೇರಿ ಎಂಟು ಭಾರತೀಯ ಭಾಷೆಗಳಿಗೆ ಒಟ್ಟಿಗೆ ಫೋನಿನಲ್ಲಿ ಈ ಸೌಲಭ್ಯ ಬಂದಾಗ ಕೀಲಿಮಣೆಯ ಕಾಲ ಮುಗಿಯಿತು ಎಂದು ನಮ್ಮ ಗೆಳೆಯರ ಬಳಗದಲ್ಲಿ ಭವಿಷ್ಯ ನುಡಿದವರಿದ್ದರು. ಪತ್ರಿಕೆಯ ಭಾಷೆಯಲ್ಲಿ ನಿಧಾನವಾಗಿ ಹೇಳಿದರೆ ಬೆರಗಾಗುವಷ್ಟು ಸರಿಯಾಗಿ ಬರೆಯುತ್ತದೆ. ಸಭೆಯ ವರದಿಯ ಅರ್ಧ ಪುಟ ಬಹುತೇಕ ತಪ್ಪಿಲ್ಲದೆ ಬಂತು, ಅಲ್ಪವಿರಾಮ ಮಾತ್ರ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಪತ್ರಿಕೆಯ ಭಾಷೆಯಲ್ಲಿ ಯಾರು ಮಾತನಾಡುತ್ತಾರೆ? ಮನೆಯ ಒಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ವೇದಿಕೆ ಹತ್ತಿದಾಗ ಮಾತ್ರ ಈ ಯಂತ್ರಕ್ಕೆ ತಿಳಿಯುವ ಕನ್ನಡ. ಹವ್ಯಕದಲ್ಲಿ ಎರಡು ವಾಕ್ಯ ಹೇಳಿದೆ, ಪರದೆಯಲ್ಲಿ ಮೂಡಿದ್ದು ಯಾವುದೋ ಹೊಸ ಧರ್ಮಗ್ರಂಥದ ಸಾಲಿನಂತಿತ್ತು.

ಮದ್ದು ಬಿಡುವ ಸಂದೇಶ ಇದಕ್ಕೆ ತಕ್ಕ ಪರೀಕ್ಷೆ. ಶೇಕಡ ಒಂದರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಅಂಕಿಗಳೆಲ್ಲ ಸರಿಯಾಗಿ ಬಂದವು. 'ಬೋರ್ಡೋ' ಮಾತ್ರ 'ಬೋರ್ಡು' ಆಯಿತು, 'ಮೈಲುತುತ್ತು' ಎರಡು ತುಂಡಾಯಿತು. ಓದುವವರು ಕೃಷಿಕರಾದರೆ ಅರ್ಥವಾಗುತ್ತದೆ. ಸಿಗ್ನಲ್ ಇಲ್ಲದ ಗುಡ್ಡದ ಬದಿಯಲ್ಲಿ, ಗಾಳಿಮಳೆಗೆ ಕರೆಂಟ್ ಹೋಗಿ ಟವರ್ ಕೂಡ ಮಲಗಿದ ದಿನ, ಧ್ವನಿ ಟೈಪಿಂಗ್ ನನ್ನ ಫೋನಿನಲ್ಲಿ ಬಾಯಿ ಮುಚ್ಚಿಕೊಂಡಿತು. ಆದರೂ ಇದನ್ನು ತಳ್ಳಿಹಾಕುವ ಹಾಗಿಲ್ಲ. ಕನ್ನಡಕ ಹುಡುಕುವುದೇ ದೊಡ್ಡ ಕೆಲಸವಾಗಿರುವ ನನ್ನ ಮಾವ ಈಗ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಬರೆಯುತ್ತಾರೆ. ಇದು ವರವೋ ಶಾಪವೋ ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ.

ಕೈಬರಹದಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. 2015ರಲ್ಲಿ ಗೂಗಲ್ ಅದನ್ನು 82 ಭಾಷೆಗಳಿಗೆ ಹೊರತಂದಾಗ ಒಮ್ಮೆ ನೋಡಿ ಮರೆತಿದ್ದೆ. ಈ ಸಲ ಅಮ್ಮನ ಕೈಗೆ ಕೊಟ್ಟೆ. ಸ್ಲೇಟು ಬಳಪದಲ್ಲಿ ಅಕ್ಷರ ಕಲಿತವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಲ, ಳ ಗೊಂದಲವಿಲ್ಲ, ಏಕೆಂದರೆ ಅವರು ಬರೆಯುವುದೇ ಆ ಅಕ್ಷರವನ್ನು. ನಿಧಾನ, ನಿಜ. ಉದ್ದದ ಒತ್ತಕ್ಷರಗಳು ಚೌಕಟ್ಟಿನ ಕೆಳಗೆ ಜಾರುತ್ತವೆ, ಒದ್ದೆ ಬೆರಳಿಗೆ ಪರದೆ ಒಗ್ಗುವುದಿಲ್ಲ. ಆದರೆ ಬರೆದದ್ದರಲ್ಲಿ ತಪ್ಪು ಹುಡುಕಬೇಕಾಗಿ ಬಂದದ್ದು ಐದು ವಿಧಾನಗಳಲ್ಲಿ ಇದರಲ್ಲೇ ಅತಿ ಕಡಿಮೆ.

ಎಲ್ಲ ವಿಧಾನಗಳಿಗೂ ಸಮಾನವಾದ ಒಂದು ಗಂಟು ಇದೆ: ಕಾಣದ ತಡೆ ಚಿಹ್ನೆ. 'ಸಾಫ್ಟ್‌ವೇರ್', 'ರಾಜ್‌ಕುಮಾರ್' ಎಂದು ಬರೆಯಲು ನಡುವೆ ಅದನ್ನು ಹಾಕದಿದ್ದರೆ ಮುಂದಿನ ಅಕ್ಷರ ಹಿಂದಿನದರ ಕಾಲಿಗೆ ಒತ್ತಾಗಿ ಅಂಟಿಕೊಳ್ಳುತ್ತದೆ. ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ ಇದು ಸಾಲಿಗೊಮ್ಮೆ ಬೇಕು. ಧ್ವನಿ ಟೈಪಿಂಗ್ ಗೊತ್ತಿರುವ ಪದಗಳಿಗೆ ತಾನೇ ಹಾಕಿಕೊಳ್ಳುತ್ತದೆ, ಕೈಬರಹದಲ್ಲಿ ಅದೃಷ್ಟ. ಮೇಜಿನ ಎರಡು ವಿನ್ಯಾಸಗಳಲ್ಲೂ ಅದನ್ನು ಹಾಕುವ ಕೀಲಿಯನ್ನು ಮೊದಲ ದಿನವೇ ಕಲಿತುಬಿಡಿ.

ಇಷ್ಟೆಲ್ಲ ಮಾಡಿ ಆಮಂತ್ರಣವನ್ನು ಪೇಟೆಯ ಮುದ್ರಣಾಲಯಕ್ಕೆ ಕೊಟ್ಟರೆ ಅವರಿಗೆ ಯೂನಿಕೋಡ್ ಬೇಡ. ಅವರ ಪುಟವಿನ್ಯಾಸದ ಹಳೆಯ ತಂತ್ರಾಂಶಕ್ಕೆ ನುಡಿಯ ಹಳೆಯ ಫಾಂಟಿನ ಸಂಕೇತದಲ್ಲೇ ಬೇಕು. ಪರಿವರ್ತಕದಲ್ಲಿ ಹಾಕಿ ಕಳುಹಿಸುವಾಗ ಅರ್ಕಾವತ್ತನ್ನು ಒಂದೊಂದಾಗಿ ನೋಡಬೇಕು. ಯೂನಿಕೋಡಿನಲ್ಲಿ ರ್ ಮೊದಲು, ಮುಂದಿನ ಅಕ್ಷರ ಆಮೇಲೆ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ, ಅಂದರೆ ಅರ್ಕಾವತ್ತು ಕೊನೆಗೆ. ಕೆಟ್ಟ ಪರಿವರ್ತಕ ಈ ಅದಲು ಬದಲಿನಲ್ಲೇ ಮುಗ್ಗರಿಸುತ್ತದೆ, 'ಕಾರ್ಯಕ್ರಮ', 'ಅರ್ಜುನ', 'ಕರ್ಣ' ಇರುವ ಆಮಂತ್ರಣದಲ್ಲಿ ಅದು ಎದ್ದು ಕಾಣುತ್ತದೆ. ಈ ಒಂದು ಕೆಲಸಕ್ಕೆ ತಮ್ಮನ ನುಡಿಯೇ ಸುಲಭ, ಅವನು ನೇರವಾಗಿ ಆ ಫಾಂಟಿನಲ್ಲೇ ಹೊಡೆದು ಕೊಡುತ್ತಾನೆ.

ಹಾಗಾಗಿ ನನ್ನ ಸಲಹೆ ಹೀಗೆ ಒಡೆಯುತ್ತದೆ. ಕರ್ನಾಟಕದ ಕಚೇರಿಯಲ್ಲಿ ಕೆಲಸ ಹಿಡಿಯುವ ಯೋಚನೆ ಇದ್ದರೆ, ಅಥವಾ ಕನ್ನಡ ಮತ್ತು ಇಂಗ್ಲಿಷ್ ಬಿಟ್ಟು ಮೂರನೆಯದನ್ನು ಬರೆಯುವ ಸಂದರ್ಭವೇ ಇಲ್ಲದಿದ್ದರೆ, ಕಗಪ. ಚಂದ್ರಗಿರಿ ಹೊಳೆಯ ಎರಡೂ ದಡದ, ಅಂದರೆ ಕನ್ನಡ ಮಲಯಾಳ ಎರಡರ, ಕಾಗದಪತ್ರಗಳನ್ನು ಬರೆಯಬೇಕಾದವರು ಆ ಕೆಲವು ವಾರಗಳ ಕಹಿ ನುಂಗಿ ಇನ್‌ಸ್ಕ್ರಿಪ್ಟ್ ಕಲಿಯಬೇಕು. ಹಿರಿಯರ ಫೋನಿನಲ್ಲಿ ಕೈಬರಹವನ್ನು ತೆರೆದಿಟ್ಟುಕೊಡಿ, ಧ್ವನಿಯನ್ನು ಅವರೇ ಹುಡುಕಿಕೊಳ್ಳುತ್ತಾರೆ. ತಮ್ಮ ಈ ತೀರ್ಪನ್ನು ಒಪ್ಪಿಲ್ಲ. ಇನ್‌ಸ್ಕ್ರಿಪ್ಟ್ ಎಂದರೆ ಪ್ರಾಣಾಯಾಮದ ಹಾಗೆ, ಹೇಳುವವರೇ ಹೆಚ್ಚು ಎಂದು ನಗುತ್ತಾನೆ. ಮಲಯಾಳದಲ್ಲಿ ಅರ್ಜಿ ಹೊಡೆಯಬೇಕಾದ ದಿನ ಮಾತ್ರ ಕಾಗದ ಹಿಡಿದು ನನ್ನ ಕೋಣೆಗೆ ಬರುತ್ತಾನೆ.